ಮೊದಲು ಗಣಿಗಿಳಿಯಿರಿ, ಆಮೇಲೆ ನಡೆಯಿರಿ: ಕಾರ್ನ್‌ವಾಲ್ ಕಡಲಂಚಿನಲ್ಲಿ ನನ್ನ ಅನುಭವ

ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿರುವ ಸೇಂಟ್ ಐವ್ಸ್ ಎಂಬ ಕಡಲೂರಿಗೆ ಜನ ಬರುವುದು ಮರಳಿಗೆ, ಐಸ್‌ಕ್ರೀಮಿಗೆ, ಚಿತ್ರಗಳ ಗ್ಯಾಲರಿಗಳಿಗೆ. ನಾನು ಅಲ್ಲಿ ರೂಮು ಹಿಡಿಯುವುದು ಬಸ್ಸಿಗಾಗಿ. ಬೇಸಿಗೆಯಲ್ಲಿ ಅಲ್ಲಿಂದ ಪಶ್ಚಿಮದ ಹಳ್ಳಿಗಳನ್ನೆಲ್ಲ ಸುತ್ತುವ, ಮೇಲ್ಗಡೆ ತೆರೆದ ಡಬಲ್ ಡೆಕ್ಕರ್ ಓಡುತ್ತದೆ. ಬೆಳಿಗ್ಗೆ ಪೆಂಡೀನ್‌ನಲ್ಲಿ ಇಳಿದು, ಕಡಲಂಚು ಹಿಡಿದು ದಕ್ಷಿಣಕ್ಕೆ ನಡೆದು, ಸಂಜೆ ಸೇಂಟ್ ಜಸ್ಟ್ ಊರಲ್ಲಿ ಮತ್ತೆ ಬಸ್ಸು ಹತ್ತಬಹುದು. ಕಾರು ತಂದರೆ ಅದನ್ನು ನಿಲ್ಲಿಸಿದಲ್ಲಿಗೇ ವಾಪಸ್ ನಡೆಯಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ.

ಪೆಂಡೀನ್ ದೀಪಸ್ತಂಭದಿಂದ ಕೇಪ್ ಕಾರ್ನ್‌ವಾಲ್‌ವರೆಗೆ ಸುಮಾರು ಏಳು ಕಿ.ಮೀ. ಮೈನ್‌ಹೆಡ್‌ನಿಂದ ಪೂಲ್ ಬಂದರಿನವರೆಗೆ 1,014 ಕಿ.ಮೀ. ಸಾಗುವ ನೈರುತ್ಯ ಕಡಲದಾರಿಯ ಒಂದು ತುಣುಕು ಅಷ್ಟೇ. ಭುಜಕ್ಕೆ ದೊಡ್ಡ ಬ್ಯಾಗು ಏರಿಸಿಕೊಂಡು ಇಡೀ ದಾರಿ ಮುಗಿಸಲು ಹೊರಟವರು ಈ ತುಣುಕನ್ನು ಎರಡು ಗಂಟೆಯಲ್ಲಿ ದಾಟಿಬಿಡುತ್ತಾರೆ. ನನಗೆ ಇಡೀ ದಿನ ಬೇಕು. ಕೆಜಿಎಫ್‌ನಲ್ಲಿ ಹುಟ್ಟಿ, ಗಣಿಬಾವಿಗಳ ಮೇಲೆ ಚಕ್ರ ಹೊತ್ತು ನಿಲ್ಲುವ ಹೆಡ್‌ಗೇರ್ ನೋಡುತ್ತಾ ಬೆಳೆದವನಿಗೆ ಇಲ್ಲಿ ಬೇಗ ಬೇಗ ಹೆಜ್ಜೆ ಹಾಕಲು ಮನಸ್ಸು ಬರುವುದಿಲ್ಲ. ಕೋಲಾರದ ಗಣಿಗಳನ್ನು 1880ರ ದಶಕದಿಂದ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಗೆ ಮೊದಲು ಹೆಸರು ಬಂದದ್ದು ಇದೇ ಸೀಮೆಯ ತಾಮ್ರದ ಗಣಿಗಳಿಂದ. ಕೋಲಾರದ ಚಾಂಪಿಯನ್ ರೀಫ್ ಗಣಿಯ ಆರಂಭದ ಮೈನ್ ಕ್ಯಾಪ್ಟನ್‌ಗಳಲ್ಲಿ (ಗಣಿ ಕೆಲಸದ ಮುಖ್ಯಸ್ಥರಲ್ಲಿ), ಮೇಸ್ತ್ರಿಗಳಲ್ಲಿ ಎಷ್ಟೋ ಜನ ಕಾರ್ನ್‌ವಾಲ್‌ನವರೇ. ಇಲ್ಲಿ ತವರದ (ಟಿನ್) ಬೆಲೆ ಕುಸಿದಾಗಲೆಲ್ಲ ಇವರು ಹಡಗು ಹತ್ತುತ್ತಿದ್ದರು.

ಈ ದಾರಿಯಲ್ಲಿ ನನ್ನದೊಂದು ನಿಯಮ ಇದೆ: ಮೊದಲು ಗಣಿಯೊಳಗೆ ಹೋಗಿ ಬರಬೇಕು, ಆಮೇಲೆ ಬಯಲಿನ ಅವಶೇಷ ನೋಡಬೇಕು. ದಾರಿಯ ಶುರುವಿನಲ್ಲೇ ಸಿಗುವ ಗೀವರ್ ಗಣಿ ಇದಕ್ಕೆ ಹೇಳಿ ಮಾಡಿಸಿದ ಜಾಗ. 1985ರಲ್ಲಿ ಜಗತ್ತಿನ ತವರ ಮಾರುಕಟ್ಟೆ ಕುಸಿಯಿತು, ಗೀವರ್ 1990ರಲ್ಲಿ ಮುಚ್ಚಿತು, ಈಗ ಅದು ಮ್ಯೂಸಿಯಂ. ಅದುರುವ ಮೇಜುಗಳ ಮೇಲೆ ನೀರು ಹರಿಸಿ, ಭಾರದ ತವರವನ್ನು ಹಗುರ ಮಣ್ಣಿನಿಂದ ಬೇರ್ಪಡಿಸುತ್ತಿದ್ದ ಮಿಲ್ಲು ಹಾಗೆಯೇ ಉಳಿದಿದೆ. ಗಣಿ ಕೆಲಸಗಾರರು ಬಟ್ಟೆ ಬದಲಿಸುತ್ತಿದ್ದ ಕೋಣೆಯೂ ಲಾಕರುಗಳ ಸಮೇತ ಹಾಗೇ ಇದೆ. ಕೊನೆಗೆ ಹೆಲ್ಮೆಟ್ ಕೊಟ್ಟು, 18ನೇ ಶತಮಾನದ ಸುರಂಗವೊಂದಕ್ಕೆ ಕರೆದೊಯ್ಯುತ್ತಾರೆ. ನನ್ನಂಥ ಕುಳ್ಳನೂ ಬೆನ್ನು ಬಗ್ಗಿಸಲೇಬೇಕು. ಕರೆದೊಯ್ಯುವವರಲ್ಲಿ ಅಲ್ಲೇ ದುಡಿದವರಿದ್ದಾರೆ. ಸ್ಟೋಪ್, ಲೆವೆಲ್, ಕ್ರಾಸ್‌ಕಟ್ ಎಂದು ಗಣಿಯೊಳಗಿನ ಜಾಗಗಳ ಹೆಸರನ್ನು ಅವರು ಹೇಳುತ್ತಾ ಹೋದರೆ, ರಾತ್ರಿ ಶಿಫ್ಟ್ ಮುಗಿಸಿ ಬಂದು ಮುದ್ದೆ ಮುರಿಯುತ್ತಾ ಅಪ್ಪ ಅಮ್ಮನಿಗೆ ಹೇಳುತ್ತಿದ್ದದ್ದೇ ಕಿವಿಗೆ ಬಿದ್ದಂತೆ. ವಾರದ ಎಲ್ಲ ದಿನವೂ ಗೀವರ್ ತೆರೆದಿರುವುದಿಲ್ಲ, ನೋಡಿಕೊಂಡು ಹೊರಡಿ.

ಅಲ್ಲಿಂದ ದಾರಿ ಲೆವಂಟ್ ಗಣಿಗೆ. ಇಲ್ಲಿ 1840ರ ಹಬೆ ಎಂಜಿನ್ನೊಂದು ಇನ್ನೂ ತನ್ನ ಮನೆಯಲ್ಲೇ ಓಡುತ್ತದೆ. ಗುಜರಿಗೆ ಹೋಗಬೇಕಿದ್ದ ಅದನ್ನು 1930ರ ದಶಕದಲ್ಲಿ ಸ್ಥಳೀಯರು ಹಣ ಕೂಡಿಸಿ ಉಳಿಸಿಕೊಂಡರು. ದಶಕಗಳ ನಂತರ ಸ್ವಯಂಸೇವಕರು ತುಕ್ಕು ಬಿಡಿಸಿ ಮತ್ತೆ ಓಡಿಸಿದರು. 1930ರಲ್ಲಿ ಲೆವಂಟ್ ಮುಚ್ಚುವವರೆಗೂ ಇಲ್ಲಿ ಹಬೆಯದೇ ಕಾರುಬಾರು. ನಮ್ಮ ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದ ಕರೆಂಟು ಬಂದಿತ್ತು! ಕಲಿಸಿದ ಊರಿಗಿಂತ ಕಲಿತ ಊರು ಮುಂದೆ ಹೋಗಿತ್ತು ಎಂದು ಅಲ್ಲಿ ನಿಂತು ಒಳಗೊಳಗೇ ಬೀಗಿದ್ದೇನೆ.

ಆದರೆ ಲೆವಂಟ್‌ನಲ್ಲಿ ಈ ಹೆಮ್ಮೆ ಬಹಳ ಹೊತ್ತು ನಿಲ್ಲುವುದಿಲ್ಲ. ಗಣಿಯ ಆಳಕ್ಕೆ ಇಳಿದು ಹತ್ತಲು ಇಲ್ಲಿ ಕೇಜ್ (ಗಣಿಯ ಲಿಫ್ಟು) ಬದಲು ‘ಮ್ಯಾನ್ ಎಂಜಿನ್’ ಇತ್ತು. ಶಾಫ್ಟಿನ (ಗಣಿಬಾವಿಯ) ಉದ್ದಕ್ಕೂ ಮೇಲೆ ಕೆಳಗೆ ಆಡುವ ಒಂದು ಉದ್ದನೆಯ ಮರದ ದಂಡ, ಅದರಲ್ಲಿ ಅಲ್ಲಲ್ಲಿ ಕಾಲಿಡಲು ಮೆಟ್ಟಿಲು. ದಂಡ ಮೇಲೆ ಬಂದಾಗ ಪಕ್ಕದ ಗೋಡೆಯ ಹಲಗೆಗೆ ದಾಟಿಕೊಳ್ಳುವುದು, ಮತ್ತೆ ಅದು ಕೆಳಗಿಳಿದಾಗ ಮುಂದಿನ ಮೆಟ್ಟಿಲಿಗೆ ಕಾಲಿಡುವುದು. ಹೀಗೆ ಕತ್ತಲಲ್ಲಿ ನೂರಾರು ಅಡಿ. 1919ರ ಅಕ್ಟೋಬರ್ 20ರಂದು ಶಿಫ್ಟ್ ಮುಗಿಸಿ ಜನ ಹತ್ತಿ ಬರುತ್ತಿದ್ದಾಗ ಮೇಲ್ತುದಿಯ ಕಬ್ಬಿಣದ ಕೊಂಡಿ ತುಂಡಾಯಿತು. 31 ಜನ ಸತ್ತರು. ಆ ಯಂತ್ರವನ್ನು ಮತ್ತೆ ಕಟ್ಟಲಿಲ್ಲ. ಆಳದ ಸುರಂಗಗಳನ್ನು ಹಾಗೇ ಕೈಬಿಟ್ಟರು.

ಇಲ್ಲಿಂದ ಮುಂದೆ ಎಂಜಿನ್ ಮನೆಗಳು, ಅಂದರೆ ಹಬೆ ಎಂಜಿನ್ನುಗಳಿಗೆಂದು ಕಟ್ಟಿದ ಕಟ್ಟಡಗಳು, ಒಂದರ ಹಿಂದೆ ಒಂದು ಬರುತ್ತವೆ. ದೂರದಿಂದ ಎಲ್ಲವೂ ಒಂದೇ: ಸೂರಿಲ್ಲದ ಎತ್ತರದ ಕಲ್ಲುಮನೆ, ಒಂದು ಮೂಲೆಯಲ್ಲಿ ಚಿಮಣಿ. ನಾನು ನೋಡುವ ಕ್ರಮ ಹೇಳುತ್ತೇನೆ. ನಾಲ್ಕು ಗೋಡೆಗಳಲ್ಲಿ ಒಂದು ಉಳಿದವಕ್ಕಿಂತ ತುಂಬ ದಪ್ಪ ಇರುತ್ತದೆ, ಎತ್ತರವೂ ಕಡಿಮೆ. ಟನ್ನುಗಟ್ಟಲೆ ತೂಗುವ ಎರಕದ ತೊಲೆ ಆಡುತ್ತಿದ್ದದ್ದು ಆ ಗೋಡೆಯ ಮೇಲೆ. ತೊಲೆಯ ಅರ್ಧ ಒಳಗೆ ಸಿಲಿಂಡರಿನ ಕಡೆಗೆ, ಇನ್ನರ್ಧ ಹೊರಗೆ ಶಾಫ್ಟಿನ ಕಡೆಗೆ. ಅಂದರೆ ದಪ್ಪ ಗೋಡೆ ಎತ್ತ ಮುಖ ಮಾಡಿದೆಯೋ ಅತ್ತಲೇ ಶಾಫ್ಟು. ಇದು ಗೊತ್ತಿದ್ದರೆ ಕಟ್ಟಡ ಅರ್ಥವಾಗುತ್ತದೆ, ಜೊತೆಗೆ ಎಲ್ಲಿ ಕಾಲಿಡಬಾರದು ಎನ್ನುವುದೂ ತಿಳಿಯುತ್ತದೆ. ಎದುರು ಗೋಡೆಯ ದೊಡ್ಡ ಕಮಾನು ಸಿಲಿಂಡರನ್ನು ಒಳಗೆ ತರಲು ಬಿಟ್ಟ ಬಾಗಿಲು. ಚಿಮಣಿಯ ಬುಡ ಗ್ರಾನೈಟ್, ತುದಿ ಇಟ್ಟಿಗೆ; ಅಷ್ಟೆತ್ತರಕ್ಕೆ ಕಲ್ಲು ಏರಿಸುವುದಕ್ಕಿಂತ ಇಟ್ಟಿಗೆ ಸಲೀಸು.

ಬೊಟಾಲಕ್‌ಗೆ ಮಧ್ಯಾಹ್ನದ ಮೇಲೆ ತಲುಪುವಂತೆ ನೋಡಿಕೊಳ್ಳಿ. ಪಶ್ಚಿಮದ ಬಿಸಿಲು ಬಿದ್ದಾಗಲೇ ಆ ಜೋಡಿ ಎಂಜಿನ್ ಮನೆಗಳ ಚೆಲುವು. ಕಡಲಿಗೆ ನೆಟ್ಟಗೆ ಇಳಿದ ಬಂಡೆಯ ಬುಡದಲ್ಲಿ, ಅಲೆಯ ಹನಿ ಸಿಡಿಯುವಷ್ಟು ಕೆಳಗೆ, ಮನುಷ್ಯರು ಅದನ್ನು ಕಟ್ಟಿದ್ದಾದರೂ ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಯಾಕೆ ಅಷ್ಟು ಕೆಳಗೆ ಕಟ್ಟಿದರು ಎಂಬುದು ನನಗೆ ಇನ್ನೂ ರುಚಿಯಾದ ಪ್ರಶ್ನೆ. ಅದಿರಿನ ಎಳೆ ಬಂಡೆಯಿಂದ ಕಡಲಿನ ಅಡಿಗೆ ಸಾಗಿತ್ತು. ಎಳೆಯ ಹಿಂದೆಯೇ ಜನ ಹೋದರು. ಕೆಳಗಿನ ಮನೆ 1835ರದು, ನೀರೆತ್ತಲು. ಮೇಲಿನದು 1862ರದು, ಕಡಲಡಿಗೆ ಓರೆಯಾಗಿ ಇಳಿದ ಶಾಫ್ಟಿನಿಂದ ಅದಿರು ಎಳೆಯಲು. ಹೊರಗೆ ಬಿರುಗಾಳಿ ಎದ್ದಾಗ ತಲೆಯ ಮೇಲೆ ಕಡಲತಳದ ಗುಂಡುಕಲ್ಲುಗಳು ಉರುಳುವ ಸದ್ದು ಕೆಲಸಗಾರರಿಗೆ ಕೇಳುತ್ತಿತ್ತಂತೆ. 1863ರಲ್ಲಿ ಆ ಓರೆ ಶಾಫ್ಟಿನ ಬಂಡಿಯ ಸರಪಳಿ ಹರಿದು ಎಂಟು ಗಂಡಸರೂ ಒಬ್ಬ ಹುಡುಗನೂ ಸತ್ತರು. ಎರಡೇ ವರ್ಷಕ್ಕೆ ಅದೇ ಶಾಫ್ಟಿನಲ್ಲಿ ವೇಲ್ಸ್ ರಾಜಕುಮಾರ ದಂಪತಿ ಇಳಿದು ನೋಡಿ ಬಂದರು, ಗಣಿ ಪ್ರವಾಸಿಗರಿಗೆ ಪ್ರಸಿದ್ಧವಾಯಿತು. ರಾಜಕುಮಾರಿಯ ಉಡುಪಿನ ವರ್ಣನೆಗೆ ಸಿಕ್ಕಷ್ಟು ಜಾಗ ಆ ಒಂಬತ್ತು ಜನಕ್ಕೆ ಸಿಗುವುದಿಲ್ಲ. ಗಣಿಯೂರಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ.

ಬಂಡೆಯ ನೆತ್ತಿಯಲ್ಲಿ, ಹೆಚ್ಚಿನವರು ತಿರುಗಿಯೂ ನೋಡದ ಇನ್ನೊಂದು ಕಟ್ಟಡ ಇದೆ: ಅಂಕುಡೊಂಕಾಗಿ ಒಂದಕ್ಕೊಂದು ಕೂಡಿಕೊಂಡ ಕಮಾನು ಗೂಡುಗಳ ಸಾಲು. ತವರದ ಅದಿರಿನ ಜೊತೆ ಆರ್ಸೆನಿಕ್ ಬರುತ್ತದೆ. ಅದಿರನ್ನು ಹುರಿದರೆ ಅದು ಹೊಗೆಯಾಗಿ ಏಳುತ್ತದೆ. ಆ ಹೊಗೆಯನ್ನು ಈ ಗೂಡುಗಳ ಮೂಲಕ ಸುತ್ತಿಸಿ ತಣಿಸಿದರೆ ಗೋಡೆಗೆ ಬಿಳಿ ಪುಡಿ ಕೂರುತ್ತದೆ. ಮೂಗಿಗೆ ಹತ್ತಿ ತುರುಕಿ, ಮೈಗೆ ಜೇಡಿಮಣ್ಣು ಬಳಿದುಕೊಂಡು ಜನ ಅದನ್ನು ಕೆರೆದು ತೆಗೆಯುತ್ತಿದ್ದರು. ಅಮೆರಿಕದ ಹತ್ತಿ ಹೊಲಗಳಿಗೆ ಕೀಟನಾಶಕವಾಗಿ ಹೋಗುತ್ತಿದ್ದದ್ದು ಇಂಥದೇ ಮಾಲು. ಸುತ್ತ ಇಂದಿಗೂ ಅಲ್ಲಲ್ಲಿ ಹುಲ್ಲು ಹುಟ್ಟಿಲ್ಲ. ಅಲ್ಲಿ ಕೂತು ಬುತ್ತಿ ಬಿಚ್ಚಬೇಡಿ. ಮುಟ್ಟಿದ್ದರೆ ಕೈ ತೊಳೆದೇ ತಿನ್ನಿ. ಚಿತ್ರಾನ್ನಕ್ಕಿಂತ ಸ್ಪೂನು ಬೇಡದ, ಪೇಪರಲ್ಲಿ ಸುತ್ತಿದ ಚಪಾತಿ ರೋಲು ವಾಸಿ.

ಕೆನಿಜ್ಯಾಕ್ ಕಣಿವೆಗೆ ಇಳಿಯುವ ಮುನ್ನ ವೀಲ್ ಓಲ್ಸ್ ಗಣಿಯ ಜಾಗ ಸಿಗುತ್ತದೆ. ನಕ್ಷೆ, ದಿಕ್ಸೂಚಿ ಹಿಡಿದು ನಡೆಯುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. 1893ರ ಜನವರಿ 10ರಂದು ಇಲ್ಲಿನವರು ಕೊರೆಯುತ್ತಿದ್ದಾಗ ಪಕ್ಕದ, ನೀರು ತುಂಬಿ ನಿಂತಿದ್ದ ಹಳೆಯ ಗಣಿಯ ಗೋಡೆ ಒಡೆಯಿತು. 19 ಗಂಡಸರು, ಒಬ್ಬ ಹುಡುಗ ಅಲ್ಲೇ ಉಳಿದರು. ಹೆಣಗಳನ್ನೂ ಮೇಲೆ ತರಲಾಗಲಿಲ್ಲ. ದಿಕ್ಸೂಚಿಯ ಮುಳ್ಳು ತೋರಿಸುವ ಕಾಂತದ ಉತ್ತರ ದಿಕ್ಕು ವರ್ಷ ಕಳೆದಂತೆ ಸರಿಯುತ್ತದೆ. ಹಳೆಯ ನಕ್ಷೆಗೆ ಆ ವ್ಯತ್ಯಾಸ ಕೂಡಿಸದೆ ಅಳತೆ ಮಾಡಿದ್ದರು. ಆದ್ದರಿಂದ ಕಾಗದದಲ್ಲಿ ದೂರವಿದ್ದ ನೀರು ನಿಜದಲ್ಲಿ ಪಕ್ಕದಲ್ಲೇ ಇತ್ತು.

ಈಗಿನ ನಡಿಗೆಗೆ 1:25,000 ಅಳತೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆ ಸಾಕು. ದಾರಿಯ ಕಂಬಗಳಲ್ಲಿ ಓಕ್ ಕಾಯಿಯ ಗುರುತು ಇರುತ್ತದೆ. ಆದರೆ ಗಣಿಗಳ ಸುತ್ತ ಹಳೆಯ ಬಂಡಿದಾರಿಗಳು ಹತ್ತಾರು ಕವಲೊಡೆಯುವುದರಿಂದ, ಕಡಲಿನಿಂದ ಮಂಜು ಏರಿದರೆ ಗುರುತು ಕಾಣುವುದೇ ಇಲ್ಲ. ಅಂಥ ದಿನ ಬಂಡೆಯಂಚು ಬಿಟ್ಟು ಒಳಗಿನ ರಸ್ತೆಗೆ ಹೋಗಿಬಿಡುವುದು ನನ್ನ ಪದ್ಧತಿ. ಬಯಲಲ್ಲಿ ಬಾವಿಕಟ್ಟೆಯಂತೆ ದುಂಡಗಿನ ಕಲ್ಲುಗೋಡೆ ಕಂಡರೆ ಅದು ಶಾಫ್ಟು, ಇಣುಕಲು ಹತ್ತಬೇಡಿ. ಗಾಳಿ ಹೆಚ್ಚಾಗಿ ನೈರುತ್ಯದಿಂದ, ಅಂದರೆ ನಿಮ್ಮ ಮುಖಕ್ಕೇ. ಕೊಡೆ ಉಪಯೋಗಕ್ಕೆ ಬರುವುದಿಲ್ಲ, ಟೋಪಿ ಇರುವ ಮಳೆ ಜಾಕೆಟ್ಟೇ ಗತಿ. ಮೇ ತಿಂಗಳಲ್ಲಿ ಬಂಡೆಯಂಚಿಗೆಲ್ಲ ಗುಲಾಬಿ ಬಣ್ಣದ ಥ್ರಿಫ್ಟ್ ಹೂ, ಆಗಸ್ಟ್‌ನಲ್ಲಿ ನೇರಳೆ ಹೆದರ್. ನನಗೆ ಮೇ ಇಷ್ಟ, ಜನ ಕಡಿಮೆ.

ಸೇಂಟ್ ಐವ್ಸ್‌ನಿಂದ ಜೆನ್ನರ್‌ವರೆಗಿನ ಹತ್ತು ಚಿಲ್ಲರೆ ಕಿ.ಮೀ. ಬಗ್ಗೆ ಕೇಳುವವರಿದ್ದಾರೆ. ಏರು ಇಳಿತ, ಬಂಡೆ, ಕೆಸರು. ಮಂಡಿ ಗಟ್ಟಿ ಇದ್ದರೆ ಹೋಗಿ. ನೋಟ ಚೆನ್ನ, ಸೀಲ್ ಎಂಬ ಕಡಲಪ್ರಾಣಿಗಳೂ ಕಾಣಬಹುದು, ಗಣಿಗಳು ಮಾತ್ರ ಕಡಿಮೆ. ಎರಡರಲ್ಲಿ ಒಂದೇ ಆಗುವುದಾದರೆ ಪೆಂಡೀನ್ ಕಡೆಯದನ್ನೇ ಆರಿಸಿ.

ಕೇಪ್ ಕಾರ್ನ್‌ವಾಲ್‌ನ ತುದಿಯಲ್ಲಿ 1864ರ ಒಂಟಿ ಚಿಮಣಿ ನಿಂತಿದೆ. ಗಣಿ ಹೋದರೂ ಹಡಗುಗಳಿಗೆ ಗುರುತಾಗಿ ಅದನ್ನು ಉಳಿಸಿಕೊಂಡರು. ಅಲ್ಲಿಂದ ಸೇಂಟ್ ಜಸ್ಟ್‌ಗೆ ಎರಡು ಕಿ.ಮೀ. ಏರು, ಕೊನೆಯ ಬಸ್ಸಿನ ವೇಳೆ ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.

ಈ ಗಣಿ ಪ್ರದೇಶಕ್ಕೆ 2006ರಲ್ಲಿ ಯುನೆಸ್ಕೋ ಮನ್ನಣೆ ಬಂತು. ಕೆಜಿಎಫ್‌ನಲ್ಲೂ ಹೀಗೆ ನಡೆಯಬಹುದಾ ಎಂದು ಗೆಳೆಯರು ಕೇಳುತ್ತಾರೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಶಾಫ್ಟುಗಳ ಆವರಣಕ್ಕೆ ಅನುಮತಿಯಿಲ್ಲದೆ ಬಿಡುವುದಿಲ್ಲ, ಬಿಡಬಾರದು ಕೂಡ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ ಸೈನೈಡ್ ದಿಬ್ಬಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವುದು ಬೇಡ. ಗಾಳಿಗೆ ಏಳುವ ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದು, ಸಾರ್ವಜನಿಕ ರಸ್ತೆಗಳಲ್ಲೇ ಚಾಂಪಿಯನ್ ರೀಫ್ ಕಡೆಗೆ ನಡೆಯಿರಿ. ಚಳಿಗಾಲದ ಬೆಳಿಗ್ಗೆ ಹೋದರೆ ಬಿಸಿಲಿನ ಕಾಟ ಇರುವುದಿಲ್ಲ.