ಇಬ್ಬರು ಮಕ್ಕಳಿಗೂ ಒಟ್ಟಿಗೇ ಬಟ್ಟೆ ಡೈಪರ್: ನನ್ನ ಅನುಭವ

ದೊಡ್ಡವಳಿಗೆ ಎರಡು ವರ್ಷ ತುಂಬುವ ಮೊದಲೇ ಚಿಕ್ಕವನು ಹುಟ್ಟಿದ್ದರಿಂದ ನಮ್ಮ ಮನೆಯಲ್ಲಿ ಬಹಳ ಕಾಲ ಇಬ್ಬರೂ ಬಟ್ಟೆ ಡೈಪರ್‌ನಲ್ಲೇ ಇದ್ದರು. ಇದನ್ನು ಕೇಳಿದವರು ಮೊದಲು ಕೇಳುವುದು, "ಹಾಗಾದ್ರೆ ಎಷ್ಟು ಡೈಪರ್ ಬೇಕಾಯ್ತು?" ಅಂತ. ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ, ಎಲ್ಲಿ ಒಣಗಿಸುತ್ತೀರಿ ಅನ್ನುವುದು ಗೊತ್ತಾದರೆ ಆ ಲೆಕ್ಕ ತಾನಾಗಿ ಸಿಗುತ್ತದೆ. ಇಬ್ಬರು ಮಕ್ಕಳಿರುವಾಗ ಬಟ್ಟೆ ಡೈಪರ್ ನಡೆಯುವುದೂ ಕೆಡುವುದೂ ಒಗೆತದಲ್ಲೇ.

ಹಸುಗೂಸಿಗೆ ದಿನಕ್ಕೆ 10–12 ಸಲ ಬದಲಾಯಿಸಬೇಕಾಗುತ್ತದೆ. ಓಡಾಡುವ ಮಗುವಿಗೆ 6–7 ಸಾಕು. ಇಬ್ಬರದೂ ಸೇರಿ ದಿನಕ್ಕೆ 18ರ ಆಸುಪಾಸು ಅಂದುಕೊಳ್ಳಿ. ದಿನ ಬಿಟ್ಟು ದಿನ ಒಗೆದರೆ 36, ಒಗೆದದ್ದು ಒಣಗುವ ತನಕ ಕೈಯಲ್ಲಿರಲಿ ಅಂತ ಇನ್ನೊಂದು ದಿನದ್ದು. 50ರ ಮೇಲಾಯಿತು. ಆದರೆ ಇದು ಹೀರುವ ಬಟ್ಟೆಯ ಲೆಕ್ಕ, ಅದರ ಮೇಲೆ ತೊಡಿಸುವ, ನೀರು ಸೋರದ ಹೊರಗಿನ ಕವರ್‌ನದ್ದಲ್ಲ. ಕವರ್‌ಗೆ ಕಕ್ಕ ತಾಗದಿದ್ದರೆ ಒಳಗೆ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಹಾಕಿ ಮತ್ತೆ ತೊಡಿಸಬಹುದು. ಮೂರು ನಾಲ್ಕು ಬಟ್ಟೆಗೆ ಒಂದು ಕವರ್ ಇದ್ದರೆ ಧಾರಾಳವಾಯಿತು.

ಬೇರೆ ಬೇರೆ ನಮೂನೆಗಳನ್ನು ನೋಡಿದ ಮೇಲೆ ನಾನು ಹಗಲಿಗೆ ನೆಚ್ಚಿಕೊಂಡಿದ್ದು ಮಡಿಸಿ ಹಾಕುವ ಹತ್ತಿಯ ಚೌಕ ಬಟ್ಟೆಯನ್ನು. ಕಾರಣ ಎರಡು. ಒಂದೇ ಬಟ್ಟೆ ಇಬ್ಬರಿಗೂ ಆಗುತ್ತದೆ, ಬದಲಾಗುವುದು ಮಡಿಕೆ ಮಾತ್ರ. ಚಿಕ್ಕವನಿಗೆ ತೊಡೆಯ ಸಂದಿನಲ್ಲಿ ಬಿಗಿಯಾಗಿ ಕೂರುವ ಹಾಗೆ ಕಚ್ಚೆಯಂತೆ ಕಟ್ಟುತ್ತಿದ್ದೆ, ದೊಡ್ಡವಳಿಗೆ ಉದ್ದ ಪಟ್ಟಿಯಾಗಿ ಮಡಿಸಿ ಕವರ್ ಒಳಗೆ ಇಟ್ಟರೆ ಮುಗಿಯಿತು. ಎರಡನೆಯದು, ಬಿಚ್ಚಿ ಹರವಿದರೆ ಅದು ಒಂದೇ ಪದರದ ಬಟ್ಟೆ. ದಪ್ಪ ಇನ್ಸರ್ಟ್ (ಹಲವು ಪದರ ಸೇರಿಸಿ ಹೊಲಿದ ಹೀರುವ ಪಟ್ಟಿ) ಇನ್ನೂ ಹಸಿಯಾಗಿರುವಾಗಲೇ ಇದು ಗರಿಗರಿ ಒಣಗಿರುತ್ತದೆ. ಮೋಡ ಕವಿದ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದು ಈ ಚೌಕಗಳೇ. ಒಳಗಿನ ಜೇಬಿನಂಥ ಜಾಗಕ್ಕೆ ಇನ್ಸರ್ಟ್ ತೂರಿಸುವ ಪಾಕೆಟ್ ಡೈಪರ್‌ಗಳನ್ನು ರಾತ್ರಿಗೆ ಮತ್ತು ಹೊರಗೆ ಹೋಗುವ ಹೊತ್ತಿಗೆ ಅಂತ ಎತ್ತಿಟ್ಟಿದ್ದೆ.

ಹೊಸ ಹತ್ತಿಬಟ್ಟೆಯಲ್ಲಿ ನೈಸರ್ಗಿಕ ಎಣ್ಣೆಯಂಶ ಇರುತ್ತದೆ. ನಾಲ್ಕೈದು ಸಲ ಒಗೆಯುವ ತನಕ ಅದು ಸರಿಯಾಗಿ ಹೀರುವುದಿಲ್ಲ. ಹಾಗಾಗಿ ದೊಡ್ಡವಳು ಬಳಸಿ ಬಳಸಿ ಮೆತ್ತಗಾದ ಬಟ್ಟೆಗಳನ್ನು ಚಿಕ್ಕವನಿಗೆ ಕೊಟ್ಟು, ಹೊಸದಾಗಿ ತಂದದ್ದನ್ನು ಒಗೆದು ಪಳಗಿಸಿ ದೊಡ್ಡವಳ ಪಾಲಿಗೆ ಸೇರಿಸಿದೆ.

ಕವರ್ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಂದೇ ಅಂತ ಹಟ ಹಿಡಿಯಬೇಡಿ. ಟಿಚ್ ಬಟನ್‌ನಿಂದ ಹಿಗ್ಗಿಸಿ ಕುಗ್ಗಿಸುವ ಕವರ್‌ಗಳನ್ನು ಹುಟ್ಟಿನಿಂದ ಕೊನೆಯವರೆಗೂ ಆಗುತ್ತದೆ ಅಂತ ಮಾರುತ್ತಾರೆ. ಹಸುಗೂಸಿನ ಕಡ್ಡಿಯಂಥ ಕಾಲಿಗೆ ಅವು ಸಡಿಲವೇ. ಮೊದಲ ಒಂದೆರಡು ತಿಂಗಳಿಗೆ ಚಿಕ್ಕ ಅಳತೆಯ ಕೆಲವು ಕವರ್ ಬೇಕೇ ಬೇಕು. ತೊಡಿಸಿದ ಮೇಲೆ ಕಾಲಿನ ಎಲಾಸ್ಟಿಕ್ ಒಳಗೆ ಬೆರಳು ಹಾಯಿಸಿ ಒಂದು ಸುತ್ತು ತಿರುಗಿಸಿ ನೋಡಿ. ಒಳಗಿನ ಬಟ್ಟೆಯ ಅಂಚು ಒಂದು ಚೂರು ಹೊರಗೆ ಇಣುಕಿದರೂ ಅಲ್ಲಿಂದಲೇ ಒದ್ದೆ ಹರಿದು ಅಂಗಿ ನೆನೆಯುತ್ತದೆ. ದೊಡ್ಡ ಮಗುವಿಗೆ ವೆಲ್ಕ್ರೋ ಬೇಡ, ಟಿಚ್ ಬಟನ್ ಇರಲಿ. ಒಂದೂವರೆ ವರ್ಷದ ಕೈಗೆ ವೆಲ್ಕ್ರೋ ಕೀಳುವುದು ಆಟ.

ರಾತ್ರಿಯ ಕಥೆಯೇ ಬೇರೆ. ಚಿಕ್ಕವನು ಹಾಲಿಗೆ ಏಳುತ್ತಿದ್ದ, ಆಗ ಬದಲಾಯಿಸಿದರೆ ಆಯಿತು. ದೊಡ್ಡವಳು ರಾತ್ರಿಯಿಡೀ ಮಲಗುತ್ತಿದ್ದಳು, ಉಚ್ಚೆಯೂ ಒಮ್ಮೆಲೇ ಜೋರಾಗಿ ಬರುತ್ತಿತ್ತು. ಇಲ್ಲಿ ಪದರಗಳ ಕ್ರಮ ಮುಖ್ಯ. ಮೈಕ್ರೋಫೈಬರ್ ಅನ್ನುವ ನವಿರಾದ ಕೃತಕ ನೂಲಿನ ಬಟ್ಟೆ ಬೇಗ ಹೀರುತ್ತದೆ, ಆದರೆ ಮೇಲೆ ಭಾರ ಬಿದ್ದರೆ ಸ್ಪಂಜಿನ ಹಾಗೆ ಹೀರಿದ್ದನ್ನೆಲ್ಲ ಕಾರಿಬಿಡುತ್ತದೆ. ಹೆಂಪ್ ಅನ್ನುವ ಗಿಡದ ನಾರಿನ ಬಟ್ಟೆ ನಿಧಾನವಾಗಿ ಹೀರಿದರೂ ಹಿಡಿದಿಟ್ಟುಕೊಳ್ಳುವುದು ಹೆಚ್ಚು. ಪಾಕೆಟ್ ಒಳಗೆ ಮೇಲೆ ಮೈಕ್ರೋಫೈಬರ್, ಕೆಳಗೆ ಹೆಂಪ್ ಇಟ್ಟ ಮೇಲೆ ಹಾಸಿಗೆ ಒದ್ದೆಯಾಗುವುದು ನಿಂತಿತು. ಮೈಕ್ರೋಫೈಬರ್ ಪಾಕೆಟ್ ಒಳಗೇ ಇರಲಿ, ಮಗುವಿನ ಮೈಗೆ ನೇರವಾಗಿ ತಾಗಬಾರದು. ಅದು ಚರ್ಮದ ತೇವವನ್ನೂ ಎಳೆದುಕೊಂಡು ಒಣಗಿಸುತ್ತದೆ.

ಇನ್ನು ಒಗೆತ. ಬಕೆಟ್ ನೀರಲ್ಲಿ ನೆನೆಹಾಕಿಡುವ ಪದ್ಧತಿಯನ್ನು ನಾನು ಪೂರ್ತಿ ಕೈಬಿಟ್ಟಿದ್ದೆ, ನೀವೂ ದಯವಿಟ್ಟು ಬಿಡಿ. ಪುಟ್ಟ ಮಕ್ಕಳು ಬಕೆಟ್‌ನ ತಳದಲ್ಲಿರುವ ಕೆಲವೇ ಅಂಗುಲ ನೀರಿನಲ್ಲೂ ಮುಳುಗಿ ಸಾಯುತ್ತಾರೆ. ನಾವು ಒಂದು ಮಗುವಿಗೆ ಹಾಲು ಕೊಡುತ್ತಾ ಕೂತಿರುವಾಗ ಇನ್ನೊಂದು ನೇರ ಬಚ್ಚಲಿಗೇ ಹೋಗುತ್ತದೆ. ಒದ್ದೆ ಡೈಪರ್‌ಗಳನ್ನು ಗಾಳಿಯಾಡುವ ಬುಟ್ಟಿಯಲ್ಲಿ ಹಾಗೇ ಇಟ್ಟರೆ ಮುಚ್ಚಿದ ಡಬ್ಬದಲ್ಲಿಟ್ಟಿದ್ದಕ್ಕಿಂತ ವಾಸನೆಯೂ ಕಡಿಮೆ.

ಬರೀ ಎದೆಹಾಲು ಕುಡಿಯುವ ಮಗುವಿನ ಕಕ್ಕ ನೀರಲ್ಲಿ ಕರಗುತ್ತದೆ, ಹಾಗೇ ಮೆಷಿನ್‌ಗೆ ಹಾಕಬಹುದು. ಗಟ್ಟಿ ಆಹಾರ ತಿನ್ನುವ ಮಗುವಿನದನ್ನು ಮೊದಲು ಕಮೋಡಿಗೆ ಕೊಡವಿ, ಪೈಪಿನ ನೀರು ಬಿಟ್ಟು ಕಳೆಯಬೇಕು. ಈ ಒಂದು ಹಂತ ಬಿಟ್ಟರೆ ಮುಂದೆ ಇಬ್ಬರದೂ ಒಟ್ಟಿಗೇ. ಮೊದಲು ತಣ್ಣೀರಲ್ಲಿ ಸ್ವಲ್ಪ ಪುಡಿ ಹಾಕಿ ಒಂದು ಸಣ್ಣ ಒಗೆತ, ಆ ನೀರು ಹೊರಗೆ ಹೋದ ಮೇಲೆ 60 ಡಿಗ್ರಿ ಬಿಸಿಯಲ್ಲಿ ಪೂರ್ತಿ ಪ್ರಮಾಣದ ಪುಡಿಯೊಂದಿಗೆ ದೊಡ್ಡ ಒಗೆತ. ಡ್ರಮ್ ಮುಕ್ಕಾಲು ತುಂಬಿರಲಿ. ಬಟ್ಟೆ ಬಟ್ಟೆಗೆ ಉಜ್ಜಿದರೇ ಕೊಳೆ ಬಿಡುವುದು. ಇಬ್ಬರ ಡೈಪರ್ ಇರುವ ಮನೆಯ ದೊಡ್ಡ ಅನುಕೂಲ ಇದೇ: ಮೆಷಿನ್ ತುಂಬಲಿ ಅಂತ ಒದ್ದೆ ಬಟ್ಟೆಯನ್ನು ದಿನಗಟ್ಟಲೆ ಕೂಡಿಡಬೇಕಿಲ್ಲ.

ಡೈಪರ್ ಅಂತ ಪುಡಿಯನ್ನು ಚಿಟಿಕೆಯಷ್ಟು ಹಾಕುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ನೀರು ಗಡಸಾಗಿದ್ದರಂತೂ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅರ್ಧ ಪುಡಿಯನ್ನು ನುಂಗಿ, ಉಳಿದದ್ದು ಕೊಳೆಗೆ ಸಾಲುವುದಿಲ್ಲ. ಬಟ್ಟೆ ಚೊಕ್ಕಟವಾಗಿದೆಯೇ ಅಂತ ನೋಡಲು ಮೂಗೇ ಸಾಕು. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ರಾತ್ರಿಯಿಡೀ ತೊಟ್ಟ ಡೈಪರ್ ಬೆಳಗ್ಗೆ ಸ್ವಲ್ಪ ಘಾಟು ಹೊಡೆಯುವುದು ಸಹಜ. ಆದರೆ ಒಗೆದು ತೊಡಿಸಿದ ಡೈಪರ್‌ನಲ್ಲಿ ಮಗು ಈಗಷ್ಟೇ ಉಚ್ಚೆ ಮಾಡಿದೆ, ಆಗಲೇ ಕಣ್ಣು ಉರಿಯುವ ಘಾಟು ಬರುತ್ತಿದೆ ಅಂದರೆ ಹಿಂದಿನ ಕೊಳೆ ಒಳಗೇ ಕೂತಿದೆ ಅಂತ ಅರ್ಥ. ಪುಡಿ ಹೆಚ್ಚಿಸಿ, ಬಿಸಿ ಹೆಚ್ಚಿಸಿ, ಎರಡು ಸಲ ಒಗೆಯಿರಿ. ಬ್ಲೀಚ್ ಬಳಸಲೇಬೇಕಾದರೆ ಒಗೆದ ಬಟ್ಟೆಗೆ ಮಾತ್ರ. ಉಚ್ಚೆ ಇರುವ ಬಟ್ಟೆಗೆ ಸುರಿದರೆ ಅಮೋನಿಯಾ ಜೊತೆ ಸೇರಿ ವಿಷದ ಗಾಳಿ ಏಳುತ್ತದೆ. ಬಟ್ಟೆ ಮೆದುವಾಗಲಿ ಅಂತ ಹಾಕುವ ಸಾಫ್ಟನರ್ ಬೇಡವೇ ಬೇಡ, ಅದು ನೂಲಿನ ಮೇಲೆ ಪೊರೆ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ.

ಹೀರುವ ಬಟ್ಟೆಗಳೆಲ್ಲ ಸುಡುಬಿಸಿಲಿಗೆ, ಕವರ್‌ಗಳು ನೆರಳಿಗೆ. ಹಳದಿ ಕಲೆಗೆ ಬಿಸಿಲಿಗಿಂತ ಒಳ್ಳೆಯ ಮದ್ದಿಲ್ಲ, ಒದ್ದೆಯಿರುವಾಗಲೇ ಹರವಿದರೆ ಸಂಜೆಯೊಳಗೆ ಮಾಸಿರುತ್ತದೆ. ಕವರ್‌ನ ಒಳಗಿನ ಪಿಯುಎಲ್ ಪದರ (ನೀರು ಸೋರದಂತೆ ಬಟ್ಟೆಗೆ ಅಂಟಿಸಿದ ಪ್ಲಾಸ್ಟಿಕ್ ಪೊರೆ) ಮಾತ್ರ ಹೆಚ್ಚು ಶಾಖಕ್ಕೆ ಬಿರಿಯುತ್ತದೆ. ದಪ್ಪ ಇನ್ಸರ್ಟ್ ಒಣಗಿದೆಯೇ ಅಂತ ನೋಡಲು ನಡುಭಾಗ ಮುಟ್ಟಬೇಡಿ, ಅಂಚಿನ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಸುಕಿ. ತಂಪು ಉಳಿದಿರುವುದು ಅಲ್ಲೇ.

ಹೊರಗೆ ಒಣಗಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಬ್ರಿಟನ್ನಿನ ಪರಿಸರ ಇಲಾಖೆ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಟ್ಟೆ ಡೈಪರ್‌ನಿಂದ ವಾತಾವರಣಕ್ಕೆ ಆಗುವ ಹೊರೆ ನಾವು ಒಗೆಯುವ ರೀತಿಯ ಮೇಲೆ ನಿಂತಿದೆ. ಡ್ರೈಯರ್ ಬಳಸಿ, ತೀರಾ ಬಿಸಿಯಲ್ಲಿ ಒಗೆದರೆ ಬಿಸಾಡುವ ಡೈಪರ್‌ಗಿಂತ ಹೊರೆ ಹೆಚ್ಚಾಗಲೂಬಹುದು. ಮೆಷಿನ್ ತುಂಬಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಅವೇ ಡೈಪರ್‌ಗಳನ್ನು ಎರಡನೇ ಮಗುವಿಗೂ ಬಳಸಿದರೆ ಗಣನೀಯವಾಗಿ ಇಳಿಯುತ್ತದೆ. ಆ ಮೂರೂ ನಮ್ಮ ಮನೆಯಲ್ಲಿ ನಡೆದವು ಅನ್ನುವುದು ನನಗೆ ನಿಜವಾಗಿಯೂ ಖುಷಿ.

ಬದಲಾಯಿಸುವುದನ್ನು ಯಾವಾಗಲೂ ನೆಲದ ಮೇಲೆ ಚಾಪೆ ಹಾಸಿಯೇ ಮಾಡುತ್ತಿದ್ದೆ. ಎತ್ತರದಲ್ಲಿ ಚಿಕ್ಕವನನ್ನು ಮಲಗಿಸಿದ್ದು, ಅತ್ತ ದೊಡ್ಡವಳು ಬಿದ್ದು ಕಿರುಚಿದರೆ ನಾವು ಓಡದೆ ಇರಲಾಗುವುದಿಲ್ಲವಲ್ಲ. ಎರಡು ಮೂರು ಗಂಟೆಗೊಮ್ಮೆ ಇಬ್ಬರನ್ನೂ ಸಾಲಾಗಿ ಮುಗಿಸುವುದು, ಅವಳು ನಿಂತೇ ಹಾಕಿಸಿಕೊಳ್ಳುವುದು ರೂಢಿಯಾಯಿತು. ಚರ್ಮ ಕೆಂಪಾದಾಗ ಹಚ್ಚುವ ಜಿಂಕ್ ಮುಲಾಮು ಬಟ್ಟೆಗೆ ಮೆತ್ತಿಕೊಳ್ಳದಂತೆ ಮೇಲೊಂದು ತೆಳುವಾದ ಹಾಸು (ಲೈನರ್) ಇಟ್ಟರೆ ಸಾಕು. ಕೆಂಪು ಹೊಳೆಯುವ ದದ್ದಾಗಿ ಸುತ್ತ ಚುಕ್ಕೆಗಳೆದ್ದರೆ ಅದು ಶಿಲೀಂಧ್ರ ಇರಬಹುದು, ಡಾಕ್ಟರಿಗೆ ತೋರಿಸಿ. ಅದು ವಾಸಿಯಾಗುವ ತನಕ ಇಬ್ಬರ ಬಟ್ಟೆಯನ್ನೂ ಬೇರೆ ಬೇರೆ ಒಗೆಯಿರಿ.

ದೊಡ್ಡವಳು ಹಗಲಿನ ಡೈಪರ್ ಬಿಟ್ಟ ಮೇಲೆ ಒಗೆತ ಅರ್ಧಕ್ಕಿಳಿಯಲಿಲ್ಲ. ರಾತ್ರಿಯ ದಪ್ಪ ಪದರಗಳು ಹಾಗೇ ಇದ್ದವು, ಚಿಕ್ಕವನೂ ಅಷ್ಟರಲ್ಲಿ ಗಟ್ಟಿ ಆಹಾರಕ್ಕೆ ಬಂದಿದ್ದ. ಕಾಲಿನ ಎಲಾಸ್ಟಿಕ್ ಸಡಿಲಾದ ಕವರ್‌ಗಳ ಹೊಲಿಗೆ ಬಿಚ್ಚಿಸಿ ಹೊಸ ಎಲಾಸ್ಟಿಕ್ ಹಾಕಿಸಿದೆ. ಪಿಯುಎಲ್ ಬಿರಿಯದೆ ಉಳಿದವುಗಳನ್ನೆಲ್ಲ ಅವನೇ ತೊಟ್ಟು ಮುಗಿಸುತ್ತಿದ್ದಾನೆ.