ಸುಟ್ಟ ಕೈಗೆ ಬೆಣ್ಣೆ ಬೇಡ, ಎರಡು ಕೊಡ ನೀರು ಸಾಕು

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಟ್ಟವರಿಗೆ ಕೈ ಸುಡೋದು ಹೊಸದಲ್ಲ. ಸುಟ್ಟ ಕೈ ಸೀದಾ ಬೆಣ್ಣೆ ಪಾತ್ರೆಗೆ ಹೋಗೋದೂ ಹೊಸದಲ್ಲ. ನಾನೂ ಹದಿನೈದು ವರ್ಷ ಅದನ್ನೇ ಮಾಡಿದೆ. ಬೆಣ್ಣೆ ಇಲ್ಲಾಂದ್ರೆ ದೋಸೆ ಹಿಟ್ಟು, ಅದೂ ಇಲ್ಲಾಂದ್ರೆ ಟೂತ್‌ಪೇಸ್ಟ್. ಒಮ್ಮೆ ಸಪ್ಲೈ ಹುಡುಗನ ಅಂಗೈಗೆ ಪೇಸ್ಟ್ ಮೆತ್ತಿಬಿಟ್ಟೆ. ಒಣಗಿ ಅಂಟಿದ್ದನ್ನು ನರ್ಸ್ ತೊಳೆದು ತೆಗೆಯುವಾಗ ಅವನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಕೀವಾಯ್ತು. ಡ್ರೆಸ್ಸಿಂಗು, ಮಾತ್ರೆ, ಮನೇಲಿ ಕೂತ ದಿನಗಳ ಸಂಬಳ ಸೇರಿ ನನಗೆ ಏಳೆಂಟು ಸಾವಿರ ಬಿತ್ತು.

ನೀರಿನ ದಾರಿ ಹಿಡಿದಾಗಲೂ ಎರಡು ಸಲ ಸೋತೆ. ಮೊದಲು ಐಸ್ ಇಟ್ಟೆ. ಚರ್ಮ ಬೆಳ್ಳಗಾಗಿ ಮರಗಟ್ಟಿತು, ಡಾಕ್ಟರ್ ಹತ್ರ ಬೈಸಿಕೊಂಡೆ. ಇನ್ನೊಮ್ಮೆ ನಲ್ಲಿ ಕೆಳಗೆ ಕೈ ಹಿಡಿಸಿದೆ. ಏಪ್ರಿಲ್ ಮಧ್ಯಾಹ್ನ, ಮಾಳಿಗೆ ಮೇಲೆ ಕಪ್ಪು ಟ್ಯಾಂಕು. ಬಂದದ್ದು ಸ್ನಾನದ ನೀರು!

ಕೊನೆಗೆ ಹಿಟ್ಟು ರುಬ್ಬೋ ಕೋಣೆಯ ನೆರಳಲ್ಲಿ ನಲ್ಲಿ ಇರೋ ಡ್ರಮ್ ಇಟ್ಟೆ, ಸುತ್ತ ಒದ್ದೆ ಗೋಣಿಚೀಲ. ದಿನಾ ರಾತ್ರಿ ಕುಡಿಯೋ ನೀರು ತುಂಬಿಸೋದು. ಸುಟ್ಟ ಜಾಗದ ಮೇಲೆ 20 ನಿಮಿಷ ಸಣ್ಣಗೆ ಬಿಟ್ರೆ ಎರಡು ಕೊಡ, ಹತ್ತಿರ ಹತ್ತಿರ 25 ಲೀಟರ್. ಉಂಗುರ, ಕಡಗ ಊತ ಬರೋ ಮೊದಲೇ ತೆಗೀಬೇಕು. ನೀರು ಬಿಟ್ಟಾದ ಮೇಲೆ, ಪಾರ್ಸಲ್‌ಗೆ ಸುತ್ತೋ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುಟ್ಟ ಜಾಗಕ್ಕೆ ಹೊದಿಸೋದು. ರೋಲಿನ ಮೊದಲ ಸುತ್ತು ಬಿಸಾಕಿ, ಬಿಗಿಯಬೇಡಿ. ಎಲ್ಲ ಸೇರಿ ಸಾವಿರದೊಳಗೆ ಆಯ್ತು.

ನಮ್ಮ ದೋಸೆ ಹಾಕೋ ಅಜ್ಜ, "ನೀರು ಬಿದ್ರೆ ಬೊಬ್ಬೆ ಏಳ್ತಾವೆ ಸಾವ್ಕಾರ್ರೆ" ಅಂತ ಎಲ್ಲರೆದುರು ನಗೋರು. ಹೋದ ದೀಪಾವಳಿ ಹಿಂದಿನ ದಿನ ಆಲೂಗಡ್ಡೆ ಬೇಯಿಸಿದ ನೀರು ಅವರ ಮುಂಗೈ ಮೇಲೇ ಚೆಲ್ಲಿತು. ಕೈ ಬೆಣ್ಣೆ ಕಡೆ ಹೊರಟಿತ್ತು. ಹಿಡಿದು ಡ್ರಮ್ಮಿಗೆ ಎಳೆದೆ. ಐದೇ ನಿಮಿಷಕ್ಕೆ "ಸಾಕು ಬಿಡು ತಮ್ಮಾ" ಅಂದ್ರು. 20 ನಿಮಿಷ ನಿಲ್ಲಿಸಿದ್ದು ಹೇಗೆ ಅಂತ ಮಾತ್ರ ಹೇಳಲ್ಲ, ಅದು ನನ್ನ ಹೋಟೆಲ್ಲಿನ ಗುಟ್ಟು. ಎದ್ದದ್ದು ಎರಡೇ ಬೊಬ್ಬೆ, ಒಡೆಯೋಕೆ ಬಿಡಲಿಲ್ಲ. ಡಾಕ್ಟರಿಗೆ ತೋರಿಸಿ ಟಿಟಿ ಹಾಕಿಸಿದ್ದಕ್ಕೆ ಇನ್ನೂರು ಚಿಲ್ಲರೆ. ಆರನೇ ದಿನ ಅಜ್ಜ ಕಾವಲಿ ಮುಂದಿದ್ರು. ಹಾಗಂತ ಮುಖ ಸುಟ್ರೆ, ಅಂಗೈಗಿಂತ ದೊಡ್ಡದಾಗಿ ಸುಟ್ರೆ ನಾನೂ ನೀರು ಬಿಡುತ್ತಲೇ 108ಕ್ಕೆ ಫೋನ್ ಮಾಡ್ತೀನಿ.

ಮಂಡಕ್ಕಿ ಭಟ್ಟಿಯ ಗೆಳೆಯನೂ ಡ್ರಮ್ ಇಟ್ಟ. ಅಲ್ಲಿ ಕಾದ ಮರಳು ಬಟ್ಟೆಯೊಳಗೆ ಸೇರುತ್ತೆ, ಅದಕ್ಕೆ ಮೊದಲು ಅಂಗಿ ಬಿಚ್ಚಬೇಕು. ಚರ್ಮಕ್ಕೆ ಅಂಟಿದ ಬಟ್ಟೆ ಮಾತ್ರ ಕೀಳಬಾರದು.

ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದರೆ ಕಾಫಿಪುಡಿ ತುಂಬೋದನ್ನೂ ಬಿಡಿಸಿದೀನಿ. ಶುದ್ಧ ಬಟ್ಟೆ ಇಟ್ಟು 10 ನಿಮಿಷ ಒತ್ತಿ ಹಿಡಿಯೋದು, ಮೊಬೈಲಲ್ಲಿ ಟೈಮರ್. ನಡುವೆ ಎತ್ತಿ ನೋಡಿದ್ರೆ ಮತ್ತೆ ಸೊನ್ನೆಯಿಂದ. ಹುಡುಗರು ಒಂಬತ್ತನೇ ನಿಮಿಷಕ್ಕೇ ಎತ್ತಿ ನೋಡ್ತಾರೆ, ಏನ್ ಮಾಡೋಣ.

ಡ್ರಮ್ ತುಂಬೋ ಕೆಲಸ ಈಗ ಅಜ್ಜನದು. ಒಂದು ರಾತ್ರಿ ಮರೆತಿದ್ದಕ್ಕೆ ಮರುದಿನ ನನ್ನನ್ನೇ ಬೈದ್ರು.