ಮೆಶ್ ಬೇಡ, ಬ್ಲರ್ ಬೇಡ: ಸಾದಾ ಗ್ರೇಡಿಯೆಂಟ್‌ನಲ್ಲೇ ಸ್ಟೀಲ್ ಕೆಟಲ್ ಬಿಡಿಸಿದ ನನ್ನ ಅನುಭವ

ಮೆಶ್ (ಬಲೆಯ ಒಂದೊಂದು ನೋಡ್‌ಗೂ, ಅಂದರೆ ಗಂಟಿಗೂ, ಬೇರೆ ಬಣ್ಣ ಕೊಡುವ ಗ್ರೇಡಿಯೆಂಟ್) ಇಲ್ಲದೆ ಲೋಹದ ಹೊಳಪು ಬರಲ್ಲ ಅಂತ ನಾನು ಕೇಳಿದವರೆಲ್ಲ ಹೇಳಿದ್ದರು. ಬಂದಿದೆ. ಉಬ್ಬಿದ ಹೊಟ್ಟೆಯ ಸ್ಟೀಲ್ ಕೆಟಲ್ ಒಂದನ್ನು ಬರೀ ಲೀನಿಯರ್ (ನೇರ) ಮತ್ತು ರೇಡಿಯಲ್ (ನಡುವಿನಿಂದ ಸುತ್ತಲೂ ಹರಡುವ) ಗ್ರೇಡಿಯೆಂಟ್‌ನಲ್ಲಿ, ಅಂದರೆ ಒಂದು ಬಣ್ಣ ಇನ್ನೊಂದಕ್ಕೆ ಮೆಲ್ಲಗೆ ಕರಗುವ ತುಂಬುವಿಕೆಯಲ್ಲಿ, ಬಿಡಿಸಿ ಮುಗಿಸಿದ್ದೇನೆ. ಮೆಶ್ ಒಂದೂ ಇಲ್ಲ, ಬ್ಲರ್ ಒಂದೂ ಇಲ್ಲ. ಫೈಲ್ ನೆನಪಿದ್ದ ಹಾಗೆ 60 ಕೆಬಿ ಆಸುಪಾಸು. ಯಾವ ಬ್ರೌಸರ್‌ನಲ್ಲಿ ತೆರೆದರೂ ಒಂದೇ ಥರ ಕಾಣುತ್ತದೆ. ಪೆನ್ ಟೂಲ್, ನೋಡ್, ಕ್ಲಿಪ್ ಎಲ್ಲ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಆ ಪಾಠ ಇಲ್ಲಿಲ್ಲ.

ನಾನು ಬಳಸುವುದು ಇಂಕ್‌ಸ್ಕೇಪ್, ವೆಕ್ಟರ್ ಚಿತ್ರ (ಪಿಕ್ಸೆಲ್ ಬದಲು ಗೆರೆ, ಆಕಾರಗಳಿಂದ ಆದದ್ದು) ಬಿಡಿಸುವ ತಂತ್ರಾಂಶ. ಇಲ್ಲಸ್ಟ್ರೇಟರ್ ಬಳಸುವವರಿಗೆ ಮೆಶ್ 1998ರಿಂದಲೇ ಇತ್ತು. ನಮಗೆ ಬಂದದ್ದು 2017ರಲ್ಲಿ, 0.92 ಆವೃತ್ತಿಯಲ್ಲಿ. ಬಂದ ಕೂಡಲೇ ಎಲ್ಲದಕ್ಕೂ ಅದನ್ನೇ ಹಚ್ಚಿದೆ. ನೋಡ್ ಒಂದೊಂದಕ್ಕೂ ಬಣ್ಣ ಕೊಟ್ಟು ಕೆಟಲ್‌ನ ಹೊಟ್ಟೆ ತುಂಬಿಸಿದರೆ ಫೋಟೋ ಥರ ಕಾಣುತ್ತಿತ್ತು. ಆದರೆ ಗಿರಾಕಿಯ ವೆಬ್‌ಸೈಟ್‌ಗೆ ಹೋದ ಮೇಲೆ ಹಿಡಿಕೆ ಇದೆ, ಮುಚ್ಚಳದ ಗುಬುಟು ಇದೆ, ಹೊಟ್ಟೆಯೇ ಇಲ್ಲ! ವೆಬ್‌ನ ವೆಕ್ಟರ್ ಚಿತ್ರಗಳ ಮಾನದಂಡವಾದ ಎಸ್‌ವಿಜಿ 1.1ರಲ್ಲಿ ಮೆಶ್ ಇಲ್ಲ. ಎಸ್‌ವಿಜಿ 2ರ ಕರಡಿನಲ್ಲಿ ಸೇರಿಸಿ ಆಮೇಲೆ ಕೈಬಿಟ್ಟರು. ಬ್ರೌಸರ್‌ಗಳು ಅದನ್ನು ಓದುವುದೇ ಇಲ್ಲ. ಇಂಕ್‌ಸ್ಕೇಪ್ ಅದಕ್ಕಾಗಿ ಒಂದು ಜಾವಾಸ್ಕ್ರಿಪ್ಟ್ ತುಣುಕು ಸೇರಿಸಿ ಕೊಡುತ್ತದೆ ನಿಜ, ಆದರೆ ಚಿತ್ರವನ್ನು ಇಮೇಜ್ ಟ್ಯಾಗ್‌ನಲ್ಲಿ ಹಾಕಿದರೆ ಒಳಗಿನ ಸ್ಕ್ರಿಪ್ಟ್ ಓಡುವುದಿಲ್ಲ. ಕೊನೆಗೆ ಪಿಎನ್‌ಜಿ, ಅಂದರೆ ಪಿಕ್ಸೆಲ್ ಚಿತ್ರ, ಮಾಡಿ ಕೊಟ್ಟೆ. "ಪಿಎನ್‌ಜಿಗೆ ವೆಕ್ಟರ್ ದರ ಯಾಕೆ ಕೊಡಬೇಕು" ಅಂತ ಅರ್ಧ ದುಡ್ಡು ಹಿಡಿದುಕೊಂಡರು.

ಆಮೇಲೆ ಬ್ಲರ್ ಹಿಡಿದೆ. ಸ್ಕ್ರೀನ್ ಮೇಲೆ ಚೆಂದ. ಮೂವತ್ತು ನಲವತ್ತು ವಸ್ತುಗಳಿಗೆ ಬ್ಲರ್ ಬಿದ್ದ ಮೇಲೆ ಜೂಮ್ ಮಾಡಿದರೆ ಕಂಪ್ಯೂಟರ್ ತೆವಳುತ್ತದೆ. ಪಿಡಿಎಫ್ ಮಾಡಿದಾಗ ಬ್ಲರ್ ಇದ್ದ ಭಾಗವೆಲ್ಲ ಪಿಕ್ಸೆಲ್ ಆಗುತ್ತದೆ. ಆ ರೆಸಲ್ಯೂಷನ್ ಕಮ್ಮಿ ಇದ್ದರೆ ದೊಡ್ಡ ಪ್ರಿಂಟ್‌ನಲ್ಲಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಎರಡು ಕೆಲಸ ವಾಪಸ್ ಬಂದವು, ಎರಡನ್ನೂ ಬಿಟ್ಟಿಯಾಗಿ ಮತ್ತೆ ಮಾಡಿಕೊಡಬೇಕಾಯಿತು.

ಮೂರನೆಯದು ಮೆಟ್ಟಿಲು ದಾರಿ. ಕಪ್ಪಿನಿಂದ ಬಿಳಿಗೆ ಹೋಗುವ ಐವತ್ತು ಆಕಾರಗಳನ್ನು ಇಂಟರ್‌ಪೊಲೇಟ್‌ನಿಂದ (ಎರಡು ಆಕಾರಗಳ ನಡುವಿನವನ್ನು ತಾನೇ ತುಂಬುವ ಸೌಲಭ್ಯ) ಹುಟ್ಟಿಸುವುದು. ಇದರಲ್ಲಿ ಕಾಡಿದ್ದು ಕೂದಲೆಳೆ ಬಿಳಿ ಗೆರೆ. ಎರಡು ಆಕಾರ ಅಂಚಿಗೆ ಅಂಚು ತಾಗಿಸಿ ಇಟ್ಟರೆ ನಡುವೆ ಸಣ್ಣ ಗೆರೆ ಕಾಣುತ್ತದೆ, ಅಲ್ವಾ? ಅಂಚಿನ ಪಿಕ್ಸೆಲ್‌ನಲ್ಲಿ ಮೊದಲನೆಯ ಆಕಾರ ಅರ್ಧ ಮುಚ್ಚುತ್ತದೆ. ಎರಡನೆಯದು ಉಳಿದ ಅರ್ಧದಲ್ಲಿ ಅರ್ಧ ಮುಚ್ಚುತ್ತದೆ. ಕಾಲು ಭಾಗ ಹಿನ್ನೆಲೆ ಹಾಗೇ ಇಣುಕುತ್ತದೆ. ನೋಡ್‌ಗಳು ಎಷ್ಟೇ ಕರಾರುವಾಕ್ಕಾಗಿ ಕೂತಿದ್ದರೂ ಅಷ್ಟೇ. ಆಕಾರಗಳನ್ನು ತಾಗಿಸಬಾರದು, ಒಂದರ ಮೇಲೊಂದು ಹತ್ತಿಸಬೇಕು. ಇದು ತಲೆಗೆ ಹೋದ ಮೇಲೆಯೇ ಈಗಿನ ದಾರಿ ತೆರೆದುಕೊಂಡಿದ್ದು.

ಈಗ ಹೀಗೆ ಮಾಡುತ್ತೇನೆ. ಕೆಟಲ್‌ನ ಹೊಟ್ಟೆಗೆ ಒಂದೇ ಮಟ್ಟಸ ಬಣ್ಣ ತುಂಬಿಸುತ್ತೇನೆ, ಹೆಚ್ಚು ಕತ್ತಲೂ ಅಲ್ಲ ಬೆಳಕೂ ಅಲ್ಲ. ಅದರ ಮೇಲೆ ನೆರಳು ಬೆಳಕಿನ ಪದರಗಳನ್ನು ಒಂದು ಗುಂಪಿನಲ್ಲಿಟ್ಟು, ಹೊಟ್ಟೆಯ ನಕಲಿನಿಂದಲೇ ಇಡೀ ಗುಂಪನ್ನು ಕ್ಲಿಪ್ ಮಾಡುತ್ತೇನೆ. ಒಳಗಿನ ಆಕಾರಗಳು ಅಂಚು ದಾಟಿ ಹೊರಗೆ ಚೆಲ್ಲಿದರೂ ಚಿಂತೆಯಿಲ್ಲ. ಪದರಗಳು ಏಳೆಂಟಕ್ಕಿಂತ ಜಾಸ್ತಿ ಬೇಕಾಗಿಲ್ಲ. ಒಂದೊಂದರ ಗಾಢತೆ ಶೇ. 15ರಿಂದ 25. ಒಂದೇ ಪದರದಲ್ಲಿ ಎಲ್ಲ ಸಾಧಿಸಲು ಹೋದರೆ ಮಸಿ ಬಳಿದ ಹಾಗಾಗುತ್ತದೆ.

ಪದರ ಕರಗುವ ತುದಿಯಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಗ್ರೇಡಿಯೆಂಟ್‌ನ ಎಲ್ಲ ಸ್ಟಾಪ್‌ಗಳಿಗೂ (ಬಣ್ಣ ನಿಗದಿ ಮಾಡುವ ಬಿಂದುಗಳಿಗೂ) ಒಂದೇ ಬಣ್ಣ ಇರಬೇಕು, ಬದಲಾಗುವುದು ಅಪಾರದರ್ಶಕತೆ ಮಾತ್ರ. ಕಡು ನೀಲಿಯಿಂದ ಪಾರದರ್ಶಕ ಬಿಳಿಗೆ ಹೋದರೆ ನಡುವೆ ಬೂದಿ ಬಣ್ಣದ ಕೊಳೆ ಕೂರುತ್ತದೆ. ಕಡು ನೀಲಿಯಿಂದ ಪಾರದರ್ಶಕ ಕಡು ನೀಲಿಗೇ ಹೋಗಬೇಕು.

ಇನ್ನೊಂದು, ನನ್ನ ಮಟ್ಟಿಗೆ ಇಡೀ ವಿಧಾನದ ಜೀವ. ಎರಡೇ ಸ್ಟಾಪ್ ಇರುವ ಗ್ರೇಡಿಯೆಂಟ್ ಶುರುವಾಗುವ ಜಾಗದಲ್ಲೂ ಮುಗಿಯುವ ಜಾಗದಲ್ಲೂ ಕಣ್ಣಿಗೆ ಒಂದು ಗೆರೆ ಕಾಣುತ್ತದೆ. ಫೈಲ್‌ನಲ್ಲಿ ಆ ಗೆರೆ ಇಲ್ಲ, ಇಳಿಜಾರು ತಟ್ಟನೆ ಬದಲಾಗುವ ಕಡೆ ಕಣ್ಣೇ ಅದನ್ನು ಹುಟ್ಟಿಸುತ್ತದೆ. ಮಾಖ್ ಪಟ್ಟಿ ಅನ್ನುವುದು ಇದಕ್ಕೇ. ವೆಕ್ಟರ್ ಚಿತ್ರಗಳು ಪ್ಲಾಸ್ಟಿಕ್ ಥರ ಕಾಣಲು ಮುಖ್ಯ ಕಾರಣ ಇದೇ ಅಂತ ನನ್ನ ನಂಬಿಕೆ. ಅದಕ್ಕೆ ನಡುವೆ ಮೂರು ಸ್ಟಾಪ್ ಸೇರಿಸುತ್ತೇನೆ. ಅಪಾರದರ್ಶಕತೆ ಕಾಲು ದೂರದಲ್ಲಿ ಶೇ. 15, ಅರ್ಧದಲ್ಲಿ 50, ಮುಕ್ಕಾಲಿನಲ್ಲಿ 85. ತುದಿಗಳು 0 ಮತ್ತು 100. ಪದರದ ಒಟ್ಟು ಗಾಢತೆಯನ್ನು ಬೇರೆಯಾಗಿ ಇಳಿಸಿದರೆ ಆಯಿತು. ಅಷ್ಟಕ್ಕೇ ಬ್ಲರ್ ಕೊಡುವ ಮೆತ್ತನೆ ಪೂರ್ತಿ ಸಿಗುತ್ತದೆ. ಇದನ್ನೊಂದು ಗ್ರೇಡಿಯೆಂಟ್ ಆಗಿ ಉಳಿಸಿಟ್ಟುಕೊಂಡು ಎಲ್ಲ ಕಡೆ ಅದನ್ನೇ ಬಳಸುತ್ತೇನೆ.

ಉಬ್ಬಿಗೆ ಲೀನಿಯರ್ ಬಾಗುವುದಿಲ್ಲ. ಅಲ್ಲಿ ರೇಡಿಯಲ್ ತೆಗೆದುಕೊಂಡು ಹ್ಯಾಂಡಲ್ ಎಳೆದು ಮೊಟ್ಟೆಯಾಕಾರಕ್ಕೆ ತರುತ್ತೇನೆ. ಕೇಂದ್ರದಿಂದ ಅಂಚಿನವರೆಗಿನ ದೂರದಲ್ಲಿ ಸುಮಾರು ಶೇ. 65ರವರೆಗೆ ಪೂರ್ತಿ ಪಾರದರ್ಶಕ, ಅಲ್ಲಿಂದ ಅಂಚಿನ ಕಡೆಗೆ ಕಪ್ಪಾಗುತ್ತ ಹೋಗಿ, 93ರ ಹತ್ತಿರ ಅತಿ ಗಾಢ, ಆಮೇಲೆ ಮತ್ತೆ ಸ್ವಲ್ಪ ತಿಳಿ. ಆ ಕೊನೆಯ ತಿಳಿಯನ್ನು ಬಿಡಬೇಡಿ. ಮೇಜಿನಿಂದ ವಾಪಸ್ ಬರುವ ಬೆಳಕು ಅದು. ಅತಿ ಕಪ್ಪು ಅಂಚಿನಲ್ಲಿಲ್ಲ, ಅಂಚಿಗಿಂತ ಒಂದಿಷ್ಟು ಒಳಗೆ ಇರುತ್ತದೆ.

ಲೋಹಕ್ಕೆ ಇದಿಷ್ಟೇ ಸಾಲದು. ಲೋಹದಲ್ಲಿ ಕಾಣುವುದು ಸುತ್ತಲಿನ ಕೋಣೆ, ಹಾಗಾಗಿ ಕಪ್ಪಿನ ಪಕ್ಕದಲ್ಲೇ ಬಿಳಿ ಚಕ್ಕನೆ ಕಡಿದ ಹಾಗೆ ಬರಬೇಕು. ಶೇ. 42ರ ದೂರಕ್ಕೆ ಒಂದು ಸ್ಟಾಪ್, 43ಕ್ಕೆ ಇನ್ನೊಂದು. ಕೆಟಲ್‌ನ ಕತ್ತಿನ ಪಟ್ಟಿಯಲ್ಲಿ ಹೀಗೆ ಮೂರು ಕಡೆ ಕಡಿದಿದ್ದೇನೆ. ಹೊಟ್ಟೆಯಲ್ಲಿ ಒಂದೇ ಕಡೆ, ಅದೂ ಬಾಗಿದ ಆಕಾರವಾಗಿ. ಮೆತ್ತನೆಯ ಪದರಗಳ ಮೇಲೆ ಆ ಒಂದು ಗಟ್ಟಿ ಅಂಚು ಬಿದ್ದ ಗಳಿಗೆಯಲ್ಲಿ ಬೂದು ಚೆಂಡು ಸ್ಟೀಲ್ ಆಗುತ್ತದೆ.

ಮೂತಿ ಹೊಟ್ಟೆಗೆ ಸೇರುವ ಜಾಗ ಎಲ್ಲಕ್ಕಿಂತ ಕಷ್ಟ. "ಇಲ್ಲಂತೂ ಮೆಶ್ ಬೇಕೇ ಬೇಕು" ಅಂತ ಅನುಭವಿ ಗೆಳೆಯರೊಬ್ಬರು ಪಣ ತೊಟ್ಟ ಹಾಗೆ ಹೇಳಿದ್ದರು. ಸಂದಿಯಲ್ಲಿ ಸಣ್ಣ ಗಾಢ ನೆರಳು, ಅದರ ಸುತ್ತ ಅಗಲವಾದ ತೆಳು ನೆರಳು. ಇಷ್ಟು ಹೇಳಬಲ್ಲೆ. ಅಲ್ಲಿ ಎರಡು ಮಾಸ್ಕ್‌ಗಳನ್ನು ಹೇಗೆ ಜೋಡಿಸಿದ್ದೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಈಗ ಕೆಲಸ ಬರುತ್ತಿರುವುದೇ ಅದರಿಂದ. ಅದೇ ಗೆಳೆಯರು ಫೈಲ್ ತೆರೆದು ಔಟ್‌ಲೈನ್ ಮೋಡ್‌ಗೆ ಹಾಕಿ ನೋಡಿದರು. ಎಪ್ಪತ್ತು ಚಿಲ್ಲರೆ ಪಾಥ್‌ಗಳು, ಅಷ್ಟೇ. ಮೆಶ್ ಎಲ್ಲಾದರೂ ಅಡಗಿದೆಯಾ ಅಂತ ಎಕ್ಸ್‌ಎಂಎಲ್ ಎಡಿಟರ್‌ನಲ್ಲೂ ಹುಡುಕಿದರು. ನನಗೆ ತುಂಬಾ ಖುಷಿಯಾಯಿತು.

ನಡುವೆ ಗಾಜಿನ ಬಾಟಲಿಯ ಮೇಲೂ ಪ್ರಯೋಗ ಮಾಡಿದೆ. ನೀರು ತುಂಬಿದ ಗಾಜಿನಲ್ಲಿ ಲೆಕ್ಕ ತಿರುವುಮುರುವು. ಬೆಳಕು ಬೀಳುವ ಕಡೆ ಒಂದು ಸಣ್ಣ ಗಟ್ಟಿ ಹೊಳಪು, ಆದರೆ ಒಳಗಿನ ಕಾಂತಿ ಎದುರು ಬದಿಯಲ್ಲಿ. ಬೆಳಕು ಒಳಗೆ ಹಾದು ಅಲ್ಲಿ ಒಟ್ಟುಗೂಡುತ್ತದೆ. ಅಂಚುಗಳು ಮಾತ್ರ ಕಪ್ಪು. ಪದರಗಳು ಅವೇ, ಜಾಗ ಅದಲುಬದಲು. ಫೋಟೋವನ್ನು ತಾನಾಗಿಯೇ ವೆಕ್ಟರ್ ಮಾಡುವ ಆಟೋ ಟ್ರೇಸ್‌ಗೆ ಕೊಟ್ಟೂ ನೋಡಿದೆ. ಸಾವಿರಾರು ನೋಡ್, ಒಂದು ಅಂಚು ಸರಿಸಲೂ ಆಗಲಿಲ್ಲ. ಸುಮ್ನೆ ಸಮಯ ದಂಡ.

ದುಡ್ಡಿನ ವಿಷಯ. ಇಂಕ್‌ಸ್ಕೇಪ್‌ಗೆ ಕಾಸಿಲ್ಲ. ಪೆನ್ ಟ್ಯಾಬ್ಲೆಟ್‌ಗೆ ಹಾಕಿದ ಹಣ ಈ ಕೆಲಸಕ್ಕೆ ಬೇಕಿರಲಿಲ್ಲ, ಎಲ್ಲವನ್ನೂ ಮೌಸ್‌ನಲ್ಲೇ ಮಾಡಿದ್ದೇನೆ. ಮೆಶ್‌ನಲ್ಲಿ ಎರಡು ದಿನ ಹಿಡಿಯುತ್ತಿದ್ದ ವಸ್ತು ಈಗ ಹೆಚ್ಚು ಕಮ್ಮಿ ಅರ್ಧ ದಿನಕ್ಕೆ ಮುಗಿಯುತ್ತದೆ. ನಿಜವಾದ ಲಾಭ ಬಣ್ಣದಲ್ಲಿದೆ. ನೆರಳು ಬೆಳಕೆಲ್ಲ ಪಾರದರ್ಶಕ ಪದರಗಳಲ್ಲೇ ಇರುವುದರಿಂದ ಕೆಳಗಿನ ಮಟ್ಟಸ ಬಣ್ಣ ಬದಲಿಸಿದರೆ ಇಡೀ ವಸ್ತುವಿನ ಬಣ್ಣ ಬದಲಾಗುತ್ತದೆ. ಗಟ್ಟಿ ಅಂಚಿನ ಪದರವನ್ನು ಮರೆಮಾಡಿ ಕೆಂಪು ಹಾಕಿದೆ, ಎನಾಮೆಲ್ ಕೆಟಲ್ ಆಯಿತು. ಹಸಿರು, ನೀಲಿ, ಹಳದಿ, ಒಂದೊಂದಕ್ಕೆ ಒಂದು ನಿಮಿಷವೂ ಬೇಡ. ಮೆಶ್‌ನಲ್ಲಾದರೆ ಪ್ರತಿ ನೋಡ್‌ಗೂ ಮತ್ತೆ ಬಣ್ಣ ಕೊಡುತ್ತ ಕೂರಬೇಕು. ಹಿಂದೆ ಅರ್ಧ ದುಡ್ಡು ಹಿಡಿದುಕೊಂಡ ಗಿರಾಕಿಯೇ ಮೊನ್ನೆ ಐದು ಬಣ್ಣ ಬೇಕು ಅಂತ ಬಂದರು. ಮೊದಲ ಬಣ್ಣಕ್ಕೆ ಪೂರ್ತಿ ದರ, ಉಳಿದ ಒಂದೊಂದಕ್ಕೂ ಕಾಲು ದರ ಹೇಳಿದೆ. ಒಪ್ಪಿದರು, ಮುಂಗಡವನ್ನೂ ಕೊಟ್ಟಿದ್ದಾರೆ.